ಅಂದಾನಪ್ಪನವರ ಮಾತು ಕಾದ ಕವಚ

ಆ ಮುಂಜಾನೆ ಮೊದಲು ತಿಳಿದದ್ದು ನನಗೆ. ಅಂದಾನಪ್ಪನವರ ಬೆರಳುಗಳು ಎಂದಿನಂತೆ ನನ್ನ ಬೆನ್ನಿನ ಪಟ್ಟಿಯೊಳಗೆ ಸೇರಿಕೊಂಡಿದ್ದವು. ಆದರೆ ಅವುಗಳ ಹಿಡಿತ ಸಡಿಲವಾಗಿತ್ತು. ಬಿಸಿ ಮೆಲ್ಲಗೆ ಇಳಿಯುತ್ತಿತ್ತು. ಅವರು ಪಡಸಾಲೆಯ ಕುರ್ಚಿಯಲ್ಲಿ ತಲೆ ವಾಲಿಸಿ ಕುಳಿತಿದ್ದರು, ನಾನು ಅವರ ತೊಡೆಯ ಮೇಲಿದ್ದೆ. ಯಾರನ್ನಾದರೂ ಕೂಗಿ ಕರೆಯಬೇಕು ಎನಿಸಿತು. ಕೂಗಲು ನನಗೆ ಬಾಯಿಲ್ಲ.

ಒಳಗಿನಿಂದ ಅವರ ಹೆಂಡತಿ ಸಂಗವ್ವನವರ ದನಿ ಬಂತು.

"ಏನ್ರೀ, ಚಾ ಆರಾಕತ್ತೈತಿ."

ಒಳಗೆ ಪಾತ್ರೆಗಳ ಸಪ್ಪಳ ನಡೆದೇ ಇತ್ತು.

"ಚಾರ್ಜ್ ಮುಗದೈತೇನ್ರೀ ಅದರದು? ಹಂಗಾರ ಕುರ್ಚೀನರ ಬಡೀರಿ."

ಕುರ್ಚಿಯೂ ಸದ್ದು ಮಾಡಲಿಲ್ಲ. ಆಗ ಒಳಗಿನ ಪಾತ್ರೆಗಳ ಸಪ್ಪಳ ನಿಂತಿತು. ಸಂಗವ್ವನವರಿಗೆ ಕಣ್ಣು ಕಾಣುವುದಿಲ್ಲ. ಅವರು ಗೋಡೆ ಹಿಡಿದುಕೊಂಡು ಬಂದರು. ಬರುಬರುತ್ತಾ ಹೆಜ್ಜೆ ನಿಧಾನವಾಯಿತು. ಹತ್ತಿರ ಬರುವುದಕ್ಕೆ ಅವರಿಗೆ ಹೆದರಿಕೆಯಾಗುತ್ತಿದೆ ಎಂದು ನನಗೆ ಗೊತ್ತಾಯಿತು. ಅವರ ಕೈ ಮೊದಲು ನನ್ನನ್ನೇ ಮುಟ್ಟಿತು. ಆ ಮನೆಯಲ್ಲಿ ಅದು ಯಾವಾಗಲೂ ಮೊದಲು ಹುಡುಕುತ್ತಿದ್ದುದು ನನ್ನನ್ನು. ಆಮೇಲೆ ಪಟ್ಟಿಯೊಳಗಿನ ಬೆರಳುಗಳನ್ನು ಮುಟ್ಟಿತು. ಒಂದೊಂದಾಗಿ ಮುಟ್ಟಿ ನೋಡಿತು.

ಅವರು ಚೀರಲಿಲ್ಲ. "ಶಿವನೇ" ಎಂದಷ್ಟೇ ಹೇಳಿ ನೆಲಕ್ಕೆ ಕುಳಿತರು. ಹಣೆಯನ್ನು ನನ್ನ ಅಂಚಿಗೆ ಒತ್ತಿಕೊಂಡು ಬಹಳ ಹೊತ್ತು ಹಾಗೆಯೇ ಇದ್ದರು.

ನಾನು ಒಂದು ಕವಚ. ಟ್ಯಾಬ್ ಎಂಬ ಗಾಜಿನ ಹಲಗೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಯುವುದು ನನ್ನ ಕೆಲಸ. ಜನ ನನ್ನನ್ನು ಕವರ್ ಎನ್ನುತ್ತಾರೆ. ಎಲ್ಲೋ ದೂರದ ಕಾರ್ಖಾನೆಯೊಂದರಲ್ಲಿ ಕುದಿಯುವ ರಬ್ಬರನ್ನು ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದರು. ಮೂಲೆಗಳನ್ನು ಉಬ್ಬಿಸಿದರು, ಬದಿಗಳಲ್ಲಿ ಜರಡಿಯಂತೆ ಸಣ್ಣ ಸಣ್ಣ ತೂತು ಕೊರೆದರು, ಬೆನ್ನಿಗೆ ಕೈ ತೂರಿಸುವ ಪಟ್ಟಿ ಹಾಕಿದರು. ಆಮೇಲೆ ಪೆಟ್ಟಿಗೆಯಲ್ಲಿ ತುಂಬಿ ಮುಚ್ಚಿದರು. ಹುಟ್ಟಿದ ಮೇಲೆ ನಾನು ಕಂಡದ್ದು ಮೊದಲು ಕತ್ತಲೆಯನ್ನೇ. ಕುಲುಕಾಟದ ಆ ಕತ್ತಲೆಯಲ್ಲಿ, ಎಲ್ಲಿಗೆ ಹೋಗುತ್ತಿದ್ದೇನೆ, ಯಾರ ಕೈಗೆ ಬೀಳುತ್ತೇನೆ ಎಂಬ ಅಂಜಿಕೆ ನನಗೆ ಅಂಟಿಕೊಂಡಿತು. ಅದು ಈವರೆಗೂ ಬಿಟ್ಟು ಹೋಗಿಲ್ಲ.

ಬೆಳಕು ಕಂಡದ್ದು ಗದಗಿನ ಬಸ್ ನಿಲ್ದಾಣದ ಹತ್ತಿರ, ಖಾಜಾಸಾಹೇಬರ ಅಂಗಡಿಯಲ್ಲಿ. ಕೊಕ್ಕೆಗೆ ನನ್ನನ್ನು ತೂಗುಹಾಕಿದ್ದರು. ಅಕ್ಕಪಕ್ಕದಲ್ಲಿ ಹೂವಿನ ಚಿತ್ರದವರು, ಮಿನುಗುವವರು, ಪುಸ್ತಕದಂತೆ ತೆರೆದು ಮುಚ್ಚುವವರು. ನಾನು ಕರ್ರಗೆ ದಪ್ಪಗೆ ಎಮ್ಮೆಯ ಕರುವಿನಂತೆ ಇದ್ದೆ. ಬಂದವರು ನನ್ನನ್ನು ಸರಿಸಿ ಹಿಂದಿನವರನ್ನು ನೋಡುತ್ತಿದ್ದರು. ನನ್ನ ಮೇಲೆ ಧೂಳು ಕೂತಿತು.

ಒಂದು ದಿನ ಅಂದಾನಪ್ಪನವರೂ ಸಂಗವ್ವನವರೂ ಬಂದರು. ಹೆಂಡತಿ ಗಂಡನ ತೋಳು ಹಿಡಿದಿದ್ದರು. ಗಂಡ ಎದೆಗೆ ಒಂದು ಟ್ಯಾಬನ್ನು ಒತ್ತಿಕೊಂಡಿದ್ದರು, ಕೂಸನ್ನು ಒತ್ತಿಕೊಂಡಂತೆ. ಅವರ ಕೊರಳಿಗೆ ಬಿಳಿಯ ವಸ್ತ್ರ ಕಟ್ಟಿತ್ತು.

ಅವರ ಸಂಗತಿ ಆಮೇಲೆ ನನಗೆ ತಿಳಿಯಿತು. ಅಂದಾನಪ್ಪನವರು ಉಳ್ಳಾಗಡ್ಡಿ ಮಾರುಕಟ್ಟೆಯಲ್ಲಿ, ಈರುಳ್ಳಿ ರಾಶಿಗಳ ಮುಂದೆ ನಿಂತು, ಹರಾಜಿನ ಸವಾಲು ಕೂಗುತ್ತಿದ್ದವರು. ಅವರು ಒಮ್ಮೆ ದರ ಕೂಗಿದರೆ ಆಚೆ ಬೀದಿಯ ಎತ್ತು ಕಿವಿ ನಿಮಿರಿಸುತ್ತಿತ್ತಂತೆ. ಅಂಥ ಗಂಟಲಿಗೆ ಹುಣ್ಣು ಬಂತು. ವೈದ್ಯರು ಜೀವ ಉಳಿಸಿದರು, ದನಿಪೆಟ್ಟಿಗೆಯನ್ನು ತೆಗೆದುಬಿಟ್ಟರು. ಸಂಗವ್ವನವರ ಕಣ್ಣುಗಳನ್ನು ಸಕ್ಕರೆ ಕಾಯಿಲೆ ಅದಕ್ಕೆ ಮೊದಲೇ ತೆಗೆದುಕೊಂಡಿತ್ತು. ಗಂಡ ಬರೆದು ತೋರಿಸಿದರೆ ಹೆಂಡತಿಗೆ ಕಾಣದು. ಹೆಂಡತಿ ಕೇಳಿದರೆ ಗಂಡ ಹೇಳಲಾರರು. ಮಾರುಕಟ್ಟೆಯ ಗೆಳೆಯರು ಆ ಟ್ಯಾಬನ್ನು ತಂದುಕೊಟ್ಟಿದ್ದರು. ಅದರ ಮೇಲೆ ಬೆರಳಿನಿಂದ ಬರೆದು ಒತ್ತಿದರೆ ಅದು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿತ್ತು. ಅದೊಂದು ಒಡೆದರೆ ಒಂದೇ ಮನೆಯಲ್ಲಿ ಇಬ್ಬರೂ ಒಂಟಿ.

"ಇದಕ್ಕೊಂದು ಕವರ್ ಕೊಡಪಾ, ಗಟ್ಟಿಮುಟ್ಟಿಂದು," ಎಂದರು ಸಂಗವ್ವ.

ಖಾಜಾಸಾಹೇಬರು ಪುಸ್ತಕದಂತಹ ಕಂದು ಬಣ್ಣದವನನ್ನು ತೆಗೆದುಕೊಟ್ಟರು. ಅಂದಾನಪ್ಪನವರ ಮುಖ ಅರಳಿತು. ಸುತ್ತಲೂ ಮುಚ್ಚಿಕೊಳ್ಳುವ ಕವಚ. ಅಂಜಿದವರಿಗೆ ಅಂಥದ್ದೇ ಬೇಕು. ಇದೇ ಇರಲಿ ಎಂದು ತಲೆಯಾಡಿಸಿದರು. ಸಂಗವ್ವನವರು ಅದನ್ನು ಮೂಗಿನ ಹತ್ತಿರ ಹಿಡಿದರು.

"ತೊಗಲಿನ ವಾಸನಿ ಬರತೈತಲ್ಲಪಾ. ಇವ್ರು ಲಿಂಗಪೂಜಿಗೆ ಕೂಡುವಾಗ ಟ್ಯಾಬ್ ಬಾಜೂಕ ಇಟ್ಕೋತಾರ."

"ತೊಗಲಲ್ಲವ್ವಾ, ರೆಕ್ಸಿನ್. ದೇವರಾಣಿ."

"ನಿನ್ನ ದೇವ್ರೋ, ನನ್ನ ದೇವ್ರೋ?"

"ಇಬ್ಬರದೂ ಕೂಡೇ ಆಣಿ ಮಾಡೇನಿ, ಹಿಡೀರಿ."

ಸಂಗವ್ವನವರು ನಕ್ಕರು. "ಆತು. ಈಗ ಟ್ಯಾಬ್ ಅದರಾಗ ಹಾಕು. ಇವ್ರು ಏನರ ಬರದು ಒತ್ಲಿ." ಎಂದು ಬೆನ್ನು ತಿರುಗಿಸಿ, ಗೋಡೆ ತಡವಿಕೊಂಡು ಅಂಗಡಿಯ ಮೆಟ್ಟಿಲಿನ ಕೆಳಗೆ ಹೋಗಿ ನಿಂತರು. ಟ್ಯಾಬು ಏನೋ ಅಂದಿತು.

"ಏನಂದ್ರು, ಕೇಳತೇನವ್ವಾ?"

"ಕೌದಿ ಹೊಚ್ಕೊಂಡು ಮಾತಾಡಿದಂಗ ಕೇಳತೈತಿ. ನಾ ಅಡಗಿಮನ್ಯಾಗ ಇರ್ತೀನಿ. ಒಗ್ಗರಣಿ ಸಪ್ಪಳದಾಗ ಕೇಳಬೇಕಪಾ ನನಗ."

ಅಂದಾನಪ್ಪನವರಿಗೆ ಆ ಕಂದು ಕವಚವನ್ನು ಬಿಡಲು ಮನಸ್ಸಿಲ್ಲ. ಹೆಂಡತಿ ಒಪ್ಪಲಿಲ್ಲ. ಒಂದಾದ ಮೇಲೊಂದು ಹಾಕಿ ತೆಗೆದರು. ಕೊನೆಗೆ ಖಾಜಾಸಾಹೇಬರು ಬೇಸರದಿಂದ ನನ್ನನ್ನು ಕೊಕ್ಕೆಯಿಂದ ಇಳಿಸಿ, ಧೂಳು ಊದಿ, ಟ್ಯಾಬನ್ನು ನನ್ನೊಳಗೆ ಕೂರಿಸಿದರು. ಅಂದಾನಪ್ಪನವರು ಬರೆದು ಒತ್ತಿದರು. ನನ್ನ ತೂತುಗಳಿಂದ ಹೆಣ್ಣುದನಿಯೊಂದು ನಿಚ್ಚಳವಾಗಿ ಹೊರಟಿತು. "ಸಂಗವ್ವಾ, ಹಸಿವಾಗೈತಿ."

"ಇದು ಕೇಳತು ನೋಡು! ತಡಕೊಳ್ರಿ, ಮನೀಗೆ ಹೋಗಿ ರೊಟ್ಟಿ ಬಡೀತೀನಿ." ಅವರು ಹತ್ತಿರ ಬಂದು ನನ್ನ ಮೂಲೆಗಳನ್ನು ಒತ್ತಿ ನೋಡಿದರು. "ಬಿದ್ರ ತಡೀತೈತೇನಪಾ ಇದು?"

"ಬೇಕಾದ್ರ ಈಗ ಒಗದು ತೋರಸ್ಲೇನು?"

"ಯವ್ವಾ, ಬ್ಯಾಡೋ! ಅದು ಟ್ಯಾಬಲ್ಲಪಾ, ನನ್ನ ಗಂಡನ ಗಂಟ್ಲು."

ಬಿದ್ದರೆ ತಡೆಯುವೆನೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಬೀಳುವ ತನಕ ಯಾವ ಕವಚಕ್ಕೂ ಅದು ಗೊತ್ತಿರುವುದಿಲ್ಲ.

ಬೆಟಗೇರಿಯಲ್ಲಿ ಅವರದು ಸಣ್ಣ ಮನೆ. ಮುಂದೆ ಫರಸಿ ಕಲ್ಲು ಹಾಸಿದ ಅಂಗಳ, ಅಂಗಳದ ನಡುವೆ ನೆಲದೊಳಗೆ ನೀರಿನ ಸಂಪು. ಆ ಮನೆಯಲ್ಲಿ ನಗು ಇಲ್ಲದಿರಲಿಲ್ಲ. ಅಂದಾನಪ್ಪನವರು ತಮ್ಮ ಮಾತಿನಲ್ಲೇ ಬರೆದರೂ ಟ್ಯಾಬಿನ ಹೆಣ್ಣು ಅದನ್ನು ವಾರ್ತೆ ಓದಿದಂತೆ ಓದುತ್ತಿದ್ದಳು.

"ಯಾವಾಕೀನ್ರೀ ಇಕಿ, ನಿಮ್ಮ ಬಾಯಾಗ ಬಂದು ಕುಂತಾಕಿ?" ಎಂದು ಸಂಗವ್ವ ಕೆಣಕುತ್ತಿದ್ದರು. "ಸಿಟ್ಟು ಬಂದ್ರೂ ಬನ್ನಿ ಕುಳಿತುಕೊಳ್ಳಿ ಅನ್ನೂವಂಗ ಮಾತಾಡತಾಳ. ನಿಮಗಿಂತ ಭಾಳ ಛಲೋ."

ಆದರೂ ಆ ಮನೆಯನ್ನು ಆಳುತ್ತಿದ್ದುದು ಭಯ. ಕರೆಂಟು ಹೋದರೆ ಅಂದಾನಪ್ಪನವರು ಟ್ಯಾಬನ್ನು ಆರಿಸಿ, ಮಾತನ್ನು ಉಳಿತಾಯ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಸಂಗವ್ವನವರು ಸುಮ್ಮಸುಮ್ಮನೆ ಮಾತಾಡುತ್ತಲೇ ಇರುತ್ತಿದ್ದರು. ಮನೆಯಲ್ಲಿ ದನಿ ನಿಂತರೆ ಗಂಡನೂ ಇಲ್ಲವಾದಂತೆ ಅವರಿಗೆ ಅನಿಸುತ್ತಿತ್ತು. ಟ್ಯಾಬು ಕೈಯಲ್ಲಿಲ್ಲದ ಗಳಿಗೆಗೆಂದು ಇಬ್ಬರೂ ಒಂದು ಗುರುತು ಮಾಡಿಕೊಂಡಿದ್ದರು. ಗಂಡ ಚಪ್ಪಾಳೆ ಹೊಡೆದರೆ ಹೆಂಡತಿ ಅವರಿದ್ದಲ್ಲಿಗೆ ಬರಬೇಕು.

ಆ ಗುರುತೇ ಒಂದು ದಿನ ಜೀವಕ್ಕೆ ಮುಳುವಾಗುವುದರಲ್ಲಿತ್ತು. ಆ ಊರಿನಲ್ಲಿ ನಳದ ನೀರು ಬಂದಾಗ ಬಂತು. ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದುಬಿಟ್ಟಿತು. ಸಂಗವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಅಂದಾನಪ್ಪನವರು ಅವಸರದಲ್ಲಿ ಸಂಪಿನ ಮುಚ್ಚಳ ಎತ್ತಿ ಪಕ್ಕಕ್ಕಿಟ್ಟರು. ಗೇಟಿನ ಬಳಿಯ ನಳದ ಕಟ್ಟೆಯ ಮೇಲೆ ನನ್ನನ್ನಿಟ್ಟು, ಪೈಪು ಸಿಕ್ಕಿಸಲು ಬಗ್ಗಿದರು. ಅಷ್ಟರಲ್ಲಿ ಸಂಗವ್ವನವರು ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಮುಂಬಾಗಿಲಿಗೆ ಬಂದರು. ಬಟ್ಟೆ ಒಣಗಿಸುವ ತಂತಿ ಗೇಟಿನ ಕಡೆಗಿತ್ತು. ನಡುವೆ ಬಾಯಿ ತೆರೆದ ಸಂಪು.

ಅಂದಾನಪ್ಪನವರು ತಲೆಯೆತ್ತಿ ನೋಡಿದರು. ಬಾಯಿ ತೆರೆದರು. ಇಡೀ ಮಾರುಕಟ್ಟೆಯನ್ನು ನಿಲ್ಲಿಸುತ್ತಿದ್ದ ಆ ಬಾಯಿಯಿಂದ ಗಾಳಿಯೂ ಬರಲಿಲ್ಲ. ಗಾಬರಿಯಲ್ಲಿ ಅವರು ಜೋರಾಗಿ ಚಪ್ಪಾಳೆ ಹೊಡೆದರು.

"ಬಂದೆ, ಬಂದೆ. ಅವಸರ್ಯಾಕ?" ಎಂದು ಸಂಗವ್ವ ಹೆಜ್ಜೆ ಬಿರುಸು ಮಾಡಿದರು.

ತಾವೇ ಕರೆಯುತ್ತಿದ್ದೇವೆ ಎಂಬುದು ಅಂದಾನಪ್ಪನವರಿಗೆ ಹೊಳೆದಾಗ ಅವರ ಮುಖದ ರಕ್ತವೆಲ್ಲ ಇಳಿದು ಹೋಯಿತು. ಅಂಥ ಮುಖವನ್ನು ನಾನು ಮತ್ತೆ ಕಂಡಿಲ್ಲ, ಕಾಣುವುದೂ ಬೇಡ. ಓಡಿದರೆ ಮುಟ್ಟಲಾರರು. ಬರೆದು ಒತ್ತಲು ಹೊತ್ತಿಲ್ಲ. ಅವರು ನನ್ನನ್ನು ಎತ್ತಿಕೊಂಡರು. ಎಂದೂ ಒರಟಾಗಿ ಹಿಡಿಯದ ಕೈಗಳಿಂದ, ತಮ್ಮ ಗಂಟಲನ್ನೇ ಎತ್ತಿ, ಹೆಂಡತಿಯ ಮುಂದಿನ ಫರಸಿಗೆ ಅಪ್ಪಳಿಸಿ ಎಸೆದರು.

ನಾನು ಮೂಲೆಯ ಮೇಲೆ ಬಿದ್ದೆ. ಕಲ್ಲು ನನ್ನ ರಬ್ಬರನ್ನು ಸೀಳಿತು. ಸದ್ದು ಗೋಡೆಗೆ ಬಡಿದು ಮರಳಿತು. ಸಂಗವ್ವನವರ ಕಾಲು ನಿಂತಲ್ಲೇ ನಿಂತಿತು. ಆ ಮನೆಯಲ್ಲಿ ಅವರು ಎಲ್ಲಕ್ಕಿಂತ ಹೆಚ್ಚಾಗಿ ಅಂಜುತ್ತಿದ್ದ ಸದ್ದು ಅದು.

"ಯವ್ವಾ, ಬಿತ್ತು! ಒಡೀತೇನ್ರೀ?" ಬಕೆಟ್ಟು ಬಿಟ್ಟು ಅಲ್ಲಿಯೇ ಕುಕ್ಕರಿಸಿ ನನಗಾಗಿ ನೆಲ ತಡವಿದರು. ಅವರ ಕೈ ಸಂಪಿನ ಅಂಚಿಗೆ ತಾಗಿತು. ಅದರಾಚೆ ನೆಲ ಸಿಗಲಿಲ್ಲ. ಕೆಳಗಿನ ತಂಪುಗಾಳಿ ಅಂಗೈಗೆ ಬಡಿದಿರಬೇಕು. ಅವರು ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದು ಎದೆಗೆ ಇಟ್ಟುಕೊಂಡರು.

ಅಂದಾನಪ್ಪನವರು ಬಂದು ಅವರ ಭುಜ ಹಿಡಿದರು. ಆಮೇಲೆ ನನ್ನನ್ನು ಎತ್ತಿಕೊಂಡರು. ಟ್ಯಾಬು ಸತ್ತಿತೋ ಬದುಕಿತೋ ತಿಳಿಯದ ಆ ಗಳಿಗೆಯಲ್ಲಿ ನಾವು ಮೂವರೂ ಉಸಿರು ಹಿಡಿದಿದ್ದೆವು. ಅವರ ಬೆರಳು ತಡವರಿಸುತ್ತಾ ಬರೆಯಿತು, ಒತ್ತಿತು.

"ಅಲ್ಲೇ ಕೂಡು," ಎಂದಿತು ಹೆಣ್ಣುದನಿ.

"ನಾ ಕುಂತೇ ಅದೀನ್ರೀ," ಎಂದರು ಸಂಗವ್ವ. "ನೀವ ನಿಂತು ನಡಗಾಕತ್ತೀರಿ. ನೀವ ಕೂಡ್ರಿ."

ಅಂದಿನಿಂದ ಚಪ್ಪಾಳೆ ಹೊಡೆದರೆ ನಿಲ್ಲಬೇಕು ಎಂದಾಯಿತು. ನೀರು ತುಂಬಿಸಿದಾಗಲೆಲ್ಲ ಅಂದಾನಪ್ಪನವರು ಮುಚ್ಚಳ ಹಾಕಿ, ಅದರ ಮೇಲೆ ಕಲ್ಲು ಹೇರಿ, ಹೆಂಡತಿಗೆ ಹಾಗೆಂದು ಹೇಳಿಯೇ ಕೂರುತ್ತಿದ್ದರು. ನನ್ನ ಸೀಳಿದ ಮೂಲೆಗೆ ಸಂಗವ್ವನವರು ದಾರದಿಂದ ಹೊಲಿಗೆ ಹಾಕಿದರು. ಕಣ್ಣಿಲ್ಲದ ಹೊಲಿಗೆ ಸೊಟ್ಟಗೆ ಬಿತ್ತು. ಆದರೆ ಬಿಚ್ಚಲಿಲ್ಲ.

ವರ್ಷಗಳು ಕಳೆದವು. ಪಟ್ಟಿಯೊಳಗಿನ ಬೆರಳುಗಳು ತೆಳ್ಳಗಾದವು. ಬರೆಯುವ ಮಾತುಗಳು ಚಿಕ್ಕವಾದವು. ಮೆಟ್ಟಿಲು ಹತ್ತಿದರೆ ಅವರ ಎದೆ ಬಡಿಯುವುದು ನನ್ನ ಬೆನ್ನಿಗೆ ಕೇಳುತ್ತಿತ್ತು. ಸಂಗವ್ವ ಕೇಳಿದರೆ "ಏನೂ ಇಲ್ಲ" ಎಂದು ಬರೆಯುತ್ತಿದ್ದರು. ಆ ಹೆಣ್ಣುದನಿಯಲ್ಲಿ ಸುಳ್ಳೂ ನಿಜದ ಹಾಗೆಯೇ ಕೇಳುತ್ತಿತ್ತು. ಕೊನೆಗೆ ಆ ಮುಂಜಾನೆ ಬಂತು. ಅಂದು ನಸುಕಿನಲ್ಲೇ ನಳದ ನೀರು ಬಂದಿತ್ತು.

ಮಣ್ಣುಕೊಟ್ಟು ಬಂದ ಮರುದಿನ ಪಕ್ಕದ ಮನೆಯಲ್ಲಿರುವ, ಶಾಲೆಯಲ್ಲಿ ಕಲಿಸುವ ಗಿರಿಜಾ ಅಕ್ಕೋರು ಬಂದು ಟ್ಯಾಬಿಗೆ ಚಾರ್ಜ್ ಹಾಕಿದರು. ಪರದೆ ಬೆಳಗಿತು.

"ಸಂಗವ್ವಾ, ಇದರಾಗ ಏನೋ ಬರದಾರ. ಒತ್ತಿಲ್ಲ."

"ಒತ್ರಿ," ಎಂದರು ಸಂಗವ್ವ.

ನನ್ನ ತೂತುಗಳಿಂದ ಹೆಣ್ಣುದನಿ ಹೊರಟಿತು. "ಸಂಗವ್ವಾ, ಸಂಪಿನ ಮುಚ್ಚಳ ಹಾಕೇನಿ. ಇನ್ನ ನೀ ಅಂಗಳಕ್ಕ ಬಾ."

ಸಂಗವ್ವನವರು ಅಂಗಳದ ಕಡೆಗೆ ಮುಖ ತಿರುಗಿಸಿದರು. "ಹಾಕ್ಯಾರೇನು, ನೋಡ್ರಿ ಅಕ್ಕೋರ."

ಅಕ್ಕೋರು ಅಂಗಳಕ್ಕೆ ಹೋಗಿ ಬಂದರು. "ಹಾಕ್ಯಾರವ್ವಾ. ಮ್ಯಾಲ ಕಲ್ಲೂ ಇಟ್ಟಾರ."

ಅದುವರೆಗೆ ಅಳದಿದ್ದ ಸಂಗವ್ವನವರು ಆಗ ಅತ್ತರು.

ಟ್ಯಾಬನ್ನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಗಂಟಲು ಕಳೆದುಕೊಂಡ ಇನ್ನೊಬ್ಬರಿಗೆ ಕೊಡಿಸಿದರು. ಕವರ್ ಸಮೇತ ಕೊಡೋಣವೇ ಎಂದು ಅಕ್ಕೋರು ಕೇಳಿದರು.

"ಬ್ಯಾಡ್ರಿ. ಇದರ ಪಟ್ಟಿ ಇವ್ರ ಬೆರಳಿಗೆ ಜಗ್ಗೈತಿ. ಅವ್ರು ಹೊಸಾದು ಹಾಕ್ಸ್ಲಿ. ಅಂಗಡ್ಯಾಗ ಮೊದ್ಲು ಮಾತಾಡಿಸಿ ಕೇಳಬೇಕಂತ, ಆಮ್ಯಾಲ ತಗೋಬೇಕಂತ ಹೇಳ್ರಿ."

ಈಗ ನಾನು ದೇವರ ಜಗಲಿಯ ಮೂಲೆಯಲ್ಲಿದ್ದೇನೆ. ನನ್ನ ಹೊಟ್ಟೆ ಖಾಲಿ. ಬೀಳುವ ಭಯ ಇಲ್ಲ, ಬಿದ್ದರೆ ಒಡೆಯುವಂಥದ್ದು ನನ್ನೊಳಗೆ ಏನೂ ಉಳಿದಿಲ್ಲ. ಆದರೂ ಒಂದು ಅಂಜಿಕೆ ಇದೆ. ರಬ್ಬರು ಮುದಿಯಾಗುತ್ತದೆ. ಪಟ್ಟಿ ಒಣಗಿ ಬಿರುಕು ಬಿಟ್ಟರೆ ಆ ಬೆರಳುಗಳ ಅಳತೆಯೂ ಹೋಗಿಬಿಡುತ್ತದೆ. ಕಾಯಲು ಹುಟ್ಟಿದವರಿಗೆ ಕಾಯುವ ವಸ್ತು ಹೋದ ಮೇಲೂ ಭಯ ಹೋಗುವುದಿಲ್ಲವೇನೋ.

ಮುಂಜಾನೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಸಂಗವ್ವನವರು ನನ್ನನ್ನು ಎತ್ತಿಕೊಳ್ಳುತ್ತಾರೆ. ಅವರ ಸಣ್ಣ ಕೈ ಪಟ್ಟಿಯೊಳಗೆ ಸಡಿಲವಾಗಿ ನಿಲ್ಲುತ್ತದೆ. ಗಂಡನ ಮಾತು ಹೊರಟುಬರುತ್ತಿದ್ದ ತೂತುಗಳಿಗೆ ಬಾಯಿ ಹತ್ತಿರ ಇಟ್ಟು ಅವರು ಬೇಡಿಕೊಳ್ಳುತ್ತಾರೆ:

"ಶಿವನೇ, ನನ್ನ ಗಂಡ ಭಾಳ ಕೂಗ್ಯಾರ, ಆಮ್ಯಾಲ ಭಾಳ ಅಂಜ್ಯಾರ. ಈಗ ಅವರನ್ನ ನಿನ್ನ ಪಾದದ ಕೆಳಗ ಸುಮ್ಮಕ ಕೂಡಸ್ಕೋ. ನಿನ್ನ ಅಂಗಳದಾಗ ಎಲ್ಲಾ ಮುಚ್ಚಳ ಹಾಕಿರಲಿ. ಅವರ ಜೀವಕ್ಕ ಶಾಂತಿ ಕೊಡು, ನನ್ನಪ್ಪಾ."