ಅಕ್ಕಪಕ್ಕದ ಬಾವಿಗಳು

ಹೆಣ ಹೂಳುವ ಗುಣಿಯ ಅಂಚಿನಲ್ಲಿ ನಿಂತು ಸೆರಗು ಬಿಗಿಮಾಡಿಕೊಳ್ಳುತ್ತಿದ್ದ ವೇದವತಿಗೆ ಹುಟ್ಟಿದ ಚಿಂತೆ ಸಣ್ಣದು. ಮಂಡ್ಯದ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರೆ, ಯಾರ ಸಾವಿಗೆ ಹೋಗಿದ್ದೆ ಎಂದು ಅಮ್ಮ ಕೇಳುತ್ತಾಳೆ. ಏನೆನ್ನುವುದು? ಅಂತರ್ಜಲ ಸಮೀಕ್ಷೆಗೆಂದು ಮಳವಳ್ಳಿ ಕಡೆ ಹೊರಟಿದ್ದ ಜೀಪನ್ನು ದಾರಿಯಲ್ಲಿ ಚಟ್ಟ ಕಂಡು ನಿಲ್ಲಿಸಿ ಇಳಿದವಳು ಅವಳೇ. ಮೇಲಧಿಕಾರಿ ಪಾರ್ಥಸಾರಥಿ ಸಾಹೇಬರು ಮನಸ್ಸಿಲ್ಲದೆ ಇಳಿದು ಬಂದಿದ್ದರು.

"ಸಾಲ್ದು ಕಣ್ಲಾ ಕರಿಯ, ಇನ್ನೊಂದ್ಗೇಣು ಅಗಲ ಮಾಡು," ಎಂದ ಗುಣಿಯೊಳಗಿದ್ದ ಕೆಂಪಯ್ಯ. "ಅತ್ತೆ ನೆಟ್ಟಗೆ ಮಲಗಾಕಿಲ್ಲ."

"ಬದುಕಿದ್ದಾಗ್ಲೇ ನೆಟ್ಟಗೆ ನಿಲ್ನಿಲ್ಲ. ಈಗ ಮಾತು ಕೇಳಾಳಾ?"

ಯಾರೂ ನಗಲಿಲ್ಲ. ಚಟ್ಟದ ಮೇಲೆ ಚಿಕ್ಕಮಾದಮ್ಮ ಕುಡುಗೋಲಿನಂತೆ ಬಾಗಿ ಮಗ್ಗುಲಾಗಿದ್ದಳು. ನಲವತ್ತೈದು ದಾಟಿರಲಿಲ್ಲ.

*

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಈ ಕೇರಿಯ ಬಾವಿಯಿಂದ ವೇದವತಿಗೆ ನೀರು ಸೇದಿಕೊಟ್ಟವಳು ಚಿಕ್ಕಮಾದಮ್ಮನೇ.

"ಸೀಸೇಲಿ ಎಲ್ಲಿಗವ್ವ ತಗಂಡೋಯ್ತೀಯ?"

"ಮೈಸೂರಿಗೆ, ಪರೀಕ್ಷೆಗೆ."

"ನಾನ್ ಕಾಣ್ನಿಲ್ಲ ಮೈಸೂರ. ನಮ್ ನೀರಾದ್ರೂ ನೋಡ್ಕಂಡ್ ಬರ್ಲಿ ಬುಡು."

ಆ ಸೀಸೆಯಲ್ಲಿ ಮೂಳೆ ಬಗ್ಗಿಸುವ ಫ್ಲೋರೈಡು ವಿಪರೀತ ಬಂತು. ವೇದವತಿ ಎರಡನೆಯ ಸೀಸೆ ಕಳಿಸಿದಳು. ಅಷ್ಟೇ ಬಂತು.

ಬಾವಿ ನೀರಿನ ಗುಣ ತೋರಿಸುವ ನಕ್ಷೆಯ ಮೇಲೆ ಬಗ್ಗಿ ಪಾರ್ಥಸಾರಥಿ ಮುಖ ಸಿಂಡರಿಸಿದರು. "ಸುತ್ತಲೂ ನಾಲೆ ಪಕ್ಕದ ಬಾವಿಗಳು, ಸಿಹಿನೀರು. ನಡುವೆ ಇದೊಂದು ಕೋರೆಹಲ್ಲು. ನೆಲ ಹೀಗೆ ನೆಗೆಯಲ್ಲಮ್ಮ, ನಿಧಾನವಾಗಿ ಬದಲಾಗುತ್ತೆ. ಇದನ್ನ ಹೊಡೆದುಹಾಕಿ ಅಕ್ಕಪಕ್ಕದ ಸರಾಸರಿ ಬರಿ. ಒಂದೇ ಅಂಕಿಯ ಜಾಗಗಳನ್ನ ಸೇರಿಸೋ ರೇಖೆಗಳು ಚೆನ್ನಾಗಿ ಕೂತ್ಕೊಳ್ಳುತ್ತೆ."

ನಾಲೆ ಬದಿಯವು ಮಣ್ಣಿನ ಬಾವಿಗಳು, ಇದು ಬಂಡೆ ಸಿಡಿಸಿ ಆಳಕ್ಕಿಳಿಸಿದ್ದು, ಫ್ಲೋರೈಡು ಬಂಡೆಯದು ಎನ್ನಬೇಕಿತ್ತು. ಅಂಕಿ ಹೊಡೆದು ಸರಾಸರಿ ಬರೆದಳು. ರೇಖೆಗಳು ಚೆನ್ನಾಗಿಯೇ ಕೂತವು.

*

ಸತ್ತ ಹೆಂಡತಿಯ ಕಾಲ ಬಳಿ ಕೂತಿದ್ದ ಮರಿಸಿದ್ದಯ್ಯ ಎದ್ದು ಬಂದ.

"ಸ್ವಾಮಿ, ನಾಲೆ ಕಡೆ ನೀರ ಪೈಪಲ್ಲಿ ಕೊಡಿ ಅಂತ ಕೇಳಿದ್ದೊ. ಐಕಳ ಮಂಡೀನೂ ಬಗ್ತಾ ಅವೆ."

"ನಿಮ್ಮ ಕಷ್ಟ ಗೊತ್ತಾಗುತ್ತೆ ಯಜಮಾನ್ರೇ. ಆದ್ರೆ ನಕ್ಷೇಲಿ ಈ ಕೇರಿ ನೀರು ಚೆನ್ನಾಗೇ ಇದೆ. ಆಯಮ್ಮನದು ವಾಯು ಇರಬೇಕು."

"ನಕ್ಸೆ ಕುಡ್ದದಾ ಸ್ವಾಮಿ ಈ ನೀರ?"

ಪಾರ್ಥಸಾರಥಿ ಗಡಿಯಾರ ನೋಡಿದರು. ಸತ್ತವಳ ಮುಂದೆಯೂ ಅದೇ ಮೆದು ದನಿ, ಅದೇ ಸರಾಸರಿ! ವೇದವತಿಯ ಕಿವಿ ಕಾದವು.

"ಹೊರಡೋಣವೇನಮ್ಮ?"

"ನಕ್ಷೇಲಿರೋ ಅಂಕಿ ಈ ಬಾವಿಯದಲ್ಲ ಸರ್."

"ವೇದವತಿ, ಜೀಪಲ್ಲಿ ಮಾತಾಡೋಣ."

ಅವಳು ಮರಿಸಿದ್ದಯ್ಯನ ಕಡೆ ತಿರುಗಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಿಮ್ಮ ಬಾವೀದು ಕೆಟ್ಟ ನೀರು. ಎರಡು ಸಲವೂ ಹಾಗೇ ಬಂತು. ನಕ್ಷೇಲಿ ಇರೋದು ಬೇರೆಯವರ ಬಾವಿ ನೀರು."

ಸನಿಕೆಯ ಸದ್ದು ನಿಂತಿತು. ಗುಣಿಯ ಅಂಚಿನ ಮೇಲೆ ಮಣ್ಣು ಮೆತ್ತಿದ ಎರಡು ಮುಖಗಳು ಮೆಲ್ಲಗೆ ಎದ್ದು ಬಂದು ಸಾಹೇಬರನ್ನು ನೋಡಿದವು.