ಶಾಲಿನ ಕೆಳಗೆ ಒಂದು ಪದಕ

ಶಿರಸಿಯಿಂದ ಸಿದ್ದಾಪುರಕ್ಕೆ ಓಡುವ ದಾದಾಸಾಬನ ಮೋಟಾರಿನಲ್ಲಿ ಅವನ ಪಕ್ಕದ ಜಾಗ ಯಾವಾಗಲೂ ಖಾಲಿ. ಸಂತೆಯ ದಿನ ಜನ ಬಾಗಿಲಿಗೆ ಜೋತುಬಿದ್ದಿದ್ದರೂ ಅಲ್ಲಿ ಯಾರೂ ಕೂರುವಂತಿಲ್ಲ. "ಅದು ಕೆರಿಯಂದು" ಎನ್ನುತ್ತಿದ್ದ ದಾದಾಸಾಬ. ಕೆರಿಯ ಯಾರು ಎಂದು ಹೊಸಬರು ಕೇಳಿದರೆ, ಉತ್ತರ ದಾರಿಯಲ್ಲೇ ಸಿಗುತ್ತಿತ್ತು. ಕಾನಸೂರಿಗೆ ಮುಂಚೆ ಯಾವುದಾದರೊಂದು ತಿರುವಿನಲ್ಲಿ, ಬಲಗೈಯನ್ನು ಕಂಬಳಿಯೊಳಗೆ ಸೇರಿಸಿಕೊಂಡು ಒಬ್ಬ ಎತ್ತರದ ಮನುಷ್ಯ ನಡೆದು ಹೋಗುತ್ತಿರುವನು, ಹಿಂದೆ ಅವನ ಹೆಂಡತಿ. ದಾದಾಸಾಬ ಮೋಟಾರು ನಿಲ್ಲಿಸುವನು. ಆ ಮನುಷ್ಯ ಎಡಗೈ ಬೀಸಿ, ನೀ ಹೋಗು ಎನ್ನುವನು. ಮೋಟಾರು ಧೂಳೆಬ್ಬಿಸಿಕೊಂಡು ಮುಂದೆ ಹೋಗುವುದು.

ಇಬ್ಬರಲ್ಲಿ ಜಗಳವಾಗಿರಲಿಲ್ಲ. ಜಗಳವಾಗಿದ್ದರೆ ದಾದಾಸಾಬನಿಗೆ ಬಗೆಹರಿಸುವ ದಾರಿ ಗೊತ್ತಿತ್ತು. ಹೋಗಿ ಕಾಲು ಹಿಡಿಯುತ್ತಿದ್ದ, ಇಲ್ಲವೆ ಕಪಾಳಕ್ಕೆ ಹೊಡೆಯುತ್ತಿದ್ದ. ಇವರ ನಡುವೆ ಬಂದು ನಿಂತದ್ದು ಪದಕದ ಎರಡು ಬಿಲ್ಲೆ.

ಜರ್ಮನಿಯ ಯುದ್ಧದಲ್ಲಿ ಇಬ್ಬರೂ ಬಸ್ರಾದ ಕಡೆ ಹೋಗಿದ್ದರು. ಬಂದೂಕು ಹಿಡಿದವರಲ್ಲ, ಹೇಸರಗತ್ತೆ ಹೊಡೆದವರು. ಒಂದು ಮಧ್ಯಾಹ್ನ ನದಿಗೆ ಕಟ್ಟಿದ ದೋಣಿಸಾಲಿನ ಸೇತುವೆಯ ಮೇಲೆ ತುರ್ಕರ ಗುಂಡು ಬೀಳತೊಡಗಿತು. ಗಾಯಾಳುಗಳು ಆಚೆ ದಡದಲ್ಲಿದ್ದರು. ದಾದಾಸಾಬ ಪ್ರಾಣಿಗಳನ್ನು ಎಳೆದುಕೊಂಡು ದಾಟಿದ, ಮನುಷ್ಯರನ್ನು ಹೇರಿಕೊಂಡು ವಾಪಸು ಬಂದ, ಮತ್ತೆ ಹೋದ. ಅವನು ಹೋಗಿ ಬರುವಷ್ಟು ಹೊತ್ತೂ ಸೇತುವೆಯ ಹರಿದ ತುದಿಯ ಹಗ್ಗವನ್ನು ಕೈಗೆ ಸುತ್ತಿಕೊಂಡು, ದಡದ ಗೂಟಕ್ಕೆ ಕಾಲು ಕೊಟ್ಟು ಕೂತವನು ಕೆರಿಯ. ಕೊನೆಯ ಗಾಯಾಳು ಇಳಿದ ಮೇಲೆ ಹಗ್ಗ ಬಿಡು ಎಂದರೆ ಅವನಿಗೆ ಬಿಡಲು ಬರಲಿಲ್ಲ. ಹಗ್ಗ ಕತ್ತರಿಸಿ ಕೈ ಬಿಡಿಸಬೇಕಾಯಿತು.

ಸಂಜೆ ಕಪ್ತಾನ ಬಂದು ವಿಚಾರಿಸಿದ. ಯಲ್ಲಾಪುರದ ಪೇಟೆಯಲ್ಲಿ ಬೆಳೆದ ದಾದಾಸಾಬನಿಗೆ ಹಿಂದುಸ್ತಾನಿ ಬರುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದ, ಕೆರಿಯನದನ್ನೇ ಹೆಚ್ಚಾಗಿ ಹೇಳಿದ. ಕೆರಿಯನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ತಿಳಿಯದು, ಅಂದು ಜ್ವರವೂ ಇತ್ತು. ಹೇಳಿದವನ ಮುಖ ಕಪ್ತಾನನಿಗೆ ನೆನಪುಳಿಯಿತು. ಬೆಳ್ಳಿಯ ಪದಕ ದಾದಾಸಾಬನಿಗೆ ಬಂತು, ಸುಮ್ಮನೆ ಮಲಗಿದ್ದವನಿಗೆ ಕಂಚಿನದು.

ಊರಿಗೆ ಬಂದ ಮೇಲೆ ಮೊದಲ ಕೆಲವು ವರ್ಷ ಇಬ್ಬರೂ ಇದನ್ನು ಹೇಳಿಕೊಂಡು ನಕ್ಕರು. ಆಮೇಲೆ ಊರು ನಗತೊಡಗಿತು. ಕಾನಸೂರಿನಲ್ಲಿ ಅವನಿಗೆ 'ಕಂಚಿನ ಕೆರಿಯ' ಎಂದು ಹೆಸರು ಬಿತ್ತು. ಬಲಗೈಯ ಬೆರಳು ಹೋದದ್ದು ಹೇಗೆ ಎಂದು ಕೇಳಿದವರಿಗೆ ಅವನು, "ಹೇಸರಗತ್ತೆ ಕಚ್ತು" ಎಂದು ಹೇಳಿಬಿಡುತ್ತಿದ್ದ. ಜನ ಅದನ್ನೇ ನಂಬಿದರು. ಯಾವ ದಿನದಿಂದ ಎಂದು ಯಾರಿಗೂ ಹೇಳಲಾಗದು, ಅವನು ಗೆಳೆಯನ ಮೋಟಾರು ಹತ್ತುವುದನ್ನು ಬಿಟ್ಟ.

ಬಿಳಿಯರ ರಾಜನ ಪಟ್ಟದ ಬೆಳ್ಳಿಹಬ್ಬದ ವರ್ಷ ಮಾಮಲೇದಾರರ ಕಚೇರಿಯಿಂದ ಒಂದು ಮಾತು ಹೊರಬಿತ್ತು. ಹಳೆಯ ಸಿಪಾಯಿಗಳ ಪೈಕಿ ಯಾರಿಗಾದರೂ ಶೌರ್ಯಕ್ಕೆ ತಕ್ಕ ಪದಕ ಸಿಕ್ಕಿಲ್ಲವೆಂದು ಪೇಟೆಯ ಹಿರಿಯರು ಒಮ್ಮತದಿಂದ ಬರೆದುಕೊಟ್ಟರೆ ಮೇಲಕ್ಕೆ ಕಳಿಸಬಹುದು ಎಂದು. ದಾದಾಸಾಬ ಅಂದೇ ಮೋಟಾರನ್ನು ಸೀತಾರಾಮ ಹೆಗಡೆಯ ಅಡಿಕೆ ಮಂಡಿಯ ಮುಂದೆ ನಿಲ್ಲಿಸಿದ.

ಸೀತಾರಾಮ ಹೆಗಡೆ ದಲಾಲಿ. ಬೆಳೆದವರ ಅಡಿಕೆಯನ್ನು ಕೊಳ್ಳುವವರಿಗೆ ಗೊತ್ತುಮಾಡಿ ಕೊಡುವವರು. ಪೇಟೆಯಲ್ಲಿ ಯಾರಿಗೂ ಯಾರ ಮೇಲೂ ನಂಬಿಕೆ ಇಲ್ಲದಿದ್ದರೂ ಎಲ್ಲರಿಗೂ ಅವರ ಮೇಲೆ ಇತ್ತು. ಮುಂದಿನ ವಾರ, ವ್ಯಾಪಾರ ಮುಗಿದ ಮಧ್ಯಾಹ್ನ, ಅವರ ಮಂಡಿಯಲ್ಲೇ ಹಿರಿಯರು ಸೇರಿದರು.

ದಾದಾಸಾಬ ಇಸ್ತ್ರಿ ಮಾಡಿದ ಕೋಟು ಹಾಕಿ, ಬೆಳ್ಳಿಯ ಪದಕ ಸಿಕ್ಕಿಸಿಕೊಂಡು ಬಂದಿದ್ದ. ಕೆರಿಯನನ್ನು ಕರೆದರೆ ಬರುವವನಲ್ಲ. ಆದರೆ ಅವನ ಹೆಂಡತಿ ಗಂಗೆ ಅದೇ ಮಂಡಿಯಲ್ಲಿ ಅಡಿಕೆ ಆರಿಸುತ್ತಿದ್ದಳು. ಅವಳನ್ನು ಮನೆಗೆ ಕರೆದೊಯ್ಯಲು ಬಂದವನು ವಿಷಯ ತಿಳಿದು, ಹೋಗಲೂ ಆಗದೆ ಒಳಗೆ ಬರಲೂ ಆಗದೆ, ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ.

"ಬಾ ಮಾರಾಯ, ಕೂತ್ಕೊ" ಎಂದ ದಾದಾಸಾಬ.

"ಇಲ್ಲೇ ಗಾಳಿ ಇತ್ತು" ಎಂದ ಕೆರಿಯ.

ದಾದಾಸಾಬ ಸೇತುವೆಯ ಕತೆ ಹೇಳಿದ. ಎಷ್ಟೋ ಸಲ ಹೇಳಿದ ಕತೆ. ಇಂದು ಅವಸರದಲ್ಲಿ ಹಗ್ಗದ ಮಾತು ಮೊದಲು ಬಂದು, ನದಿ ಆಮೇಲೆ ಬಂತು. ಹೇಳಿ ಮುಗಿಸಿ ಬೆವರು ಒರೆಸಿಕೊಂಡ.

ಮೊದಲು ಬಾಯಿ ತೆರೆದವನು ಹಾವೇರಿ ಕಡೆಯ ವ್ಯಾಪಾರಿ ಅಂದಾನಪ್ಪ. "ಸಾಬ್ರ, ನಿಮ್ಮ ದೋಸ್ತ ದೊಡ್ಡಾವ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಒಬ್ಬಗ ಏರಿಸಿದ್ರ ನಾಳೆ ಬಸ್ರಾಕ್ಕ ಹೋಗಿ ಅಡಗಿ ಮಾಡಿ ಬಂದಾವೂ ಬಂದು ಬಾಗ್ಲಾಗ ನಿಲ್ತಾನ್ರಿ. ಚಾಲಿ ಅಡಕಿಗೂ ರಾಶಿ ಅಡಕಿಗೂ ಒಂದ ಧಾರಣಿ ಅಂದ್ರ ಪ್ಯಾಟಿ ನಡೀತೈತೇನ್ರಿ?"

"ಅಡುಗೆ ಮಾಡ್ದವರ ಮೇಲೂ ಗುಂಡು ಬಿದ್ದಿತ್ತು ಅಂದಾನಪ್ಪನವ್ರೇ" ಎಂದ ದಾದಾಸಾಬ.

ಸೀತಾರಾಮ ಹೆಗಡೆಯವರದು ಬೇರೆ ತೊಡಕು. "ಆನು ಸಂಶಯ ಪಡ್ತಾ ಇಲ್ಲೆ, ದಾದಾಸಾಬ. ಪದಕ ಕೊಟ್ಟವ ಅಲ್ಲಿ ಇದ್ದವ. ನೋಡಿದವ ಇಷ್ಟು ಅಂದಿದ್ದನ್ನ, ನೋಡದೆ ಇದ್ದ ನಾವು ಇಲ್ಲಿ ಕೂತು ಅಷ್ಟು ಅನ್ನೋದು ಹೇಗೆ?"

ನ್ಯಾಯವಾದ ಪ್ರಶ್ನೆ ಅದು. ದಾದಾಸಾಬ ಕಂಬದ ಕಡೆ ನೋಡಿದ. ಕೆರಿಯ ಆಕಾಶ ನೋಡುತ್ತಿದ್ದ.

ಆಗ ಮೂಲೆಯಿಂದ ಜಟ್ಟಪ್ಪ ನಾಯ್ಕ ಎದ್ದ. ಕರ ಕೊಡುವುದಿಲ್ಲವೆಂದು ಜೈಲಿಗೆ ಹೋಗಿ ಬಂದವನು. ಅವನ ಗದ್ದೆಯನ್ನು ಸರ್ಕಾರ ಹರಾಜು ಹಾಕಿತ್ತು. ಮೈಮೇಲೆ ಖಾದಿ. "ನೀವೆಲ್ಲ ಬೆಳ್ಳಿಯೋ ಕಂಚೋ ಅಂತ ಮಾತಾಡ್ತ್ರಿ. ಆ ರಾಜ ನಮಗೆ ಯಾರು? ಅವನ ಜಗಳಕ್ಕೆ ಇವ್ರು ಬೆರಳು ಕೊಟ್ಟು ಬಂದ್ರು. ಅವ ನನ್ನ ಗದ್ದೆ ತಗಂಡ. ಈಗ ಅವನ ಹತ್ರವೇ ಹೋಗಿ, ಇನ್ನೊಂದು ಚೂರು ಹೊಳೆಯುವಂಥದ್ದು ಕೊಡಿ ಅಂತ ಕೇಳೂದಾ?"

"ನಾವು ಹೊತ್ತದ್ದು ರಾಜನ್ನ ಅಲ್ಲ, ಜಟ್ಟಪ್ಪ" ಎಂದ ದಾದಾಸಾಬ. ಧ್ವನಿ ಏರಲಿಲ್ಲ. "ಮರಾಠರು, ಗಢವಾಲದವರು. ಒಬ್ಬ ತುರ್ಕನೂ ಇದ್ದ, ಹೊಟ್ಟೆ ಹಿಡ್ಕೊಂಡು ಅಮ್ಮನ್ನ ಕರೀತಿದ್ದ. ಕೆರಿಯ ಹಗ್ಗ ಬಿಟ್ಟಿದ್ರೆ ಅವ್ರೆಲ್ಲ ನದೀಲಿ ಹೋಗ್ತಿದ್ರು."

ಬಾಯಿಬಿಟ್ಟು ಹೂಂ ಎಂದರೆ ಜಟ್ಟಪ್ಪನ ಎದುರು ಸರ್ಕಾರದ ಬಾಲ ಎನಿಸಿಕೊಳ್ಳಬೇಕು, ಉಹೂಂ ಎಂದರೆ ದಾದಾಸಾಬನ ಮುಖ ನೋಡಬೇಕು. ಈ ಇಕ್ಕಟ್ಟಿನಿಂದ ಪಾರಾಗಲು ಪೇಟೆಯವರಿಗೆ ತಿಳಿದ ಉಪಾಯ ಒಂದೇ. ಸೀತಾರಾಮ ಹೆಗಡೆ ಹೆಗಲ ಮೇಲಿನ ಶಾಲು ತೆಗೆದರು.

ಶಿರಸಿಯಲ್ಲಿ ಅಡಿಕೆಯ ಧಾರಣೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ದಲಾಲಿ ತನ್ನ ಕೈಮೇಲೆ ಶಾಲು ಹೊದಿಸುತ್ತಾನೆ. ಕೊಳ್ಳುವವರು ಒಬ್ಬೊಬ್ಬರಾಗಿ ಕೆಳಗೆ ಕೈ ತೂರಿಸಿ ಅವನ ಬೆರಳು ಹಿಡಿಯುತ್ತಾರೆ. ಹಿಡಿದಷ್ಟು ಬೆರಳು, ಅಷ್ಟು ಬೆಲೆ. ಪಕ್ಕದವನಿಗೂ ತಿಳಿಯುವುದಿಲ್ಲ.

"ಒಂದು ಬೆರಳು ಹಿಡಿದರೆ ಈಗಿದ್ದ ಹಾಗೇ ಇರಲಿ ಅಂತ" ಎಂದರು ಹೆಗಡೆ. "ಐದೂ ಹಿಡಿದರೆ ಬೆಳ್ಳಿ. ನಡುವೆ ಹಿಡಿದರೆ ನಡುವಿನದು ಏನೋ ಒಂದು. ಎಂತ, ಆಗ್ಬಹುದಾ?"

ಆಗಬಹುದೆಂದರು. ವ್ಯಾಪಾರಿಗಳು ಒಬ್ಬರ ಹಿಂದೊಬ್ಬರು ಬಂದು ಕೈ ತೂರಿಸಿದರು, ಗೋಡೆ ನೋಡಿದರು, ಹೋಗಿ ಕೂತರು. ಜಟ್ಟಪ್ಪ ಏಳಲಿಲ್ಲ. ದಾದಾಸಾಬ ಹೆಗಡೆಯ ಮುಖವನ್ನೇ ನೋಡುತ್ತಿದ್ದ. ಧಾರಣೆ ಕೇಳಿ ಕೇಳಿ ಕಲ್ಲಾದ ಆ ಮುಖದಲ್ಲಿ ಹುಬ್ಬು ಒಂದಿಷ್ಟು ಗಂಟಾಯಿತು.

ಶಾಲು ಸರಿಸಿ ಹೆಗಡೆ ಗಂಟಲು ಸರಿಮಾಡಿಕೊಂಡರು. "ಎರಡರ ಮೇಲೆ ಯಾರೂ ಏರಿದ್ದಿಲ್ಲೆ."

ಜಗಲಿಯಿಂದ ಒಂದು ಸಣ್ಣ ನಗು ಕೇಳಿಸಿತು. "ಗಂಗೆ, ಹೊರಡು. ಹೊತ್ತಾತು" ಎಂದ ಕೆರಿಯ.

ದಾದಾಸಾಬನಿಗೆ ಮೋಟಾರಿನ ಖಾಲಿ ಜಾಗ ಕಣ್ಣಿಗೆ ಕಟ್ಟಿತು. ಇನ್ನು ಅದು ಎಂದೂ ತುಂಬುವುದಿಲ್ಲ. ಸುಮ್ಮನಿದ್ದಿದ್ದರೆ ಊರಿನ ನಗೆಯಷ್ಟೇ ಇತ್ತು. ಈಗ ಹಿರಿಯರನ್ನು ಕೂಡಿಸಿ ಅದಕ್ಕೆ ಮುದ್ರೆ ಒತ್ತಿಸಿದಂತಾಯಿತು. ಅವನು ಕೋಟಿನಿಂದ ಪದಕ ಬಿಚ್ಚಿದ. ಪಕ್ಕದಲ್ಲಿ ತೂಗುತ್ತಿದ್ದ ತಕ್ಕಡಿಯ ಬಟ್ಟಲಲ್ಲಿ ಇಟ್ಟ.

"ಹಾಗಾದ್ರೆ ಇನ್ನೊಂದು ಬರೀರಿ ಹೆಗಡೇರೆ. ನನ್ನದು ಇಳಿಸ್ಲಿ. ಏರಿಸೋಕೆ ಇಷ್ಟು ಕಷ್ಟ ಅಂದ್ರೆ, ಇಳಿಸೋಕೆ ಸುಲಭ ಇರಬೇಕಲ್ಲ?"

ಅಂದಾನಪ್ಪ ಗಾಬರಿಯಾಗಿ ಎದ್ದ. "ಅಯ್ಯ, ಯಾಕ್ರಿ ಇಷ್ಟ ಸಿಟ್ಟು? ವ್ಯಾಪಾರ ಇನ್ನೂ ಮುಗದಿಲ್ಲಲ್ರೀ."

"ಎರಡು ಅಂದ್ರಲ್ಲ."

"ಮೊದಲ ಸಲಕ್ಕ ಯಾರರ ಪೂರಾ ಹಿಡೀತಾರೇನ್ರಿ? ಎರಡು ಹಿಡಿಯೋದು, ಮಾರಾವ್ರು ಇಲ್ಲ ಅನ್ನೋದು, ಆಮ್ಯಾಲ ಏರೋದು. ನಾ ಕಾಯ್ತಾ ಕೂತೀನ್ರೀ, ಯಾರೂ ಏರಸವಲ್ರು."

"ನಾನೂ ಹಾಗೇ" ಎಂದ ಇನ್ನೊಬ್ಬ ವ್ಯಾಪಾರಿ. "ಶಾಲು ಕಂಡ ಕೂಡಲೆ ಕೈ ಅದರ ಪಾಡಿಗೆ ಎರಡು ಹಿಡೀತು."

ಹೆಗಡೆ ಹಣೆ ಬಡಿದುಕೊಂಡರು. ಇಡೀ ಆಯುಷ್ಯ ಕಡಿಮೆಯಿಂದ ಶುರುಮಾಡಿದ ಕೈಗಳಿಗೆ ಬೇರೆ ರೀತಿ ಗೊತ್ತಿರಲಿಲ್ಲ. ಅದನ್ನು ತಿಳಿದಿರಬೇಕಾದ ದಲಾಲಿಗೂ ಅದು ಹೊಳೆದಿರಲಿಲ್ಲ. ಮಂಡಿಯಲ್ಲಿ ನಗು ಎದ್ದಿತು. ಜಟ್ಟಪ್ಪನೂ ಖಾದಿಯ ತುದಿಯಿಂದ ಬಾಯಿ ಮುಚ್ಚಿಕೊಂಡ.

ನಗದೆ ನಿಂತವಳು ಗಂಗೆ. ಆರಿಸುವ ಮೊರವನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಬಂದಳು. "ಒಡೆಯ, ನಾ ಒಂದು ಕೇಳ್ತೆ. ದಿನಾ ಇಲ್ಲಿ ನೋಡ್ತೆ. ಮಾರೋರು ಕೂರದೆ ನೀವು ಯಾವತ್ತಾದ್ರೂ ಧಾರಣೆ ಮಾಡಿದ್ದುಂಟಾ?"

"ಇಲ್ಲೆ" ಎಂದರು ಹೆಗಡೆ.

ಅವಳು ಜಗಲಿಗೆ ಹೋಗಿ ಗಂಡನ ಕಂಬಳಿ ಹಿಡಿದಳು. "ಬರ್ರೋ ಇಲ್ಲಿ. ಬಸ್ರಾಕ್ಕೆ ಹೋದಿರಿ, ಇಷ್ಟು ಹೊಸ್ತಿಲು ದಾಟೂಕೆ ಆಗೂದಿಲ್ವಾ?"

"ಬ್ಯಾಡ್ವೇ ಗಂಗೆ."

"ದಿನಾ ಕಾನಸೂರಿಗೆ ನಿಮ್ಮ ಹಿಂದೆ ನಡೆದು ನನ್ನ ಹಿಮ್ಮಡಿ ಒಡೆದು ಹೋಯ್ತು. ಆ ಅಣ್ಣ ಜಾಗ ಇಟ್ಕಂಡು ಕಾಯ್ತಾ. ಇವತ್ತು ಇತ್ಯರ್ಥ ಆಗ್ಲಿ."

ಕೆರಿಯ ಬಂದು ಕೂತ. ಹೆಗಡೆ ಬದಿಗೆ ಸರಿದು, ಶಾಲನ್ನು ಅವನ ಕಂಬಳಿಯ ಮೇಲೆ ಹೊದಿಸಿದರು. ಈ ಸಲ ದಲಾಲಿಯ ಕೈ ಬೇಡ, ಮಾರುವವನ ಕೈಯನ್ನೇ ಹಿಡಿಯಿರಿ ಎಂದರು.

ಅಂದಾನಪ್ಪ ಮೊದಲು ಬಂದ. ಮುಖದಲ್ಲಿ ಇನ್ನೂ ನಗುವಿತ್ತು. ಶಾಲಿನ ಕೆಳಗೆ ಕೈ ತೂರಿಸಿದ. ನಗು ಅಲ್ಲೇ ನಿಂತಿತು. ದಾದಾಸಾಬನಿಗೆ ಬಟ್ಟೆಯ ಅಲುಗಾಟವಷ್ಟೇ ಕಾಣುತ್ತಿತ್ತು. ಒಳಗೆ ಒಂದು ಕೈ ಇನ್ನೊಂದರಲ್ಲಿ ಏನನ್ನೋ ಹುಡುಕುತ್ತಿತ್ತು, ಸಿಗದೆ ಮತ್ತೆ ಹುಡುಕುತ್ತಿತ್ತು. ಅವನಿಗೆ ಗೊತ್ತಿತ್ತು ಅಲ್ಲಿ ಇಲ್ಲದ್ದು ಏನೆಂದು. ಕಿರುಬೆರಳೂ ಅದರ ಪಕ್ಕದ್ದೂ ಇಲ್ಲ. ಅಂಗೈಗೆ ಅಡ್ಡಲಾಗಿ, ಹಗ್ಗದಷ್ಟೇ ದಪ್ಪದ ಒಂದು ಗುಳಿ ಇದೆ.

"ಇದೇನು ಕಚ್ಚಿದ್ದಲ್ರೀ" ಎಂದ ಅಂದಾನಪ್ಪ ಮೆಲ್ಲಗೆ.

ಅಂದಾನಪ್ಪ ದಲಾಲಿಯ ಕಡೆ ತಿರುಗಿದ.

"ಹೆಗಡೇರ, ಇಲ್ಲೊಂದು ತ್ರಾಸ ಐತ್ರಿ. ನಾ ಐದು ಹಿಡೀಬೇಕಂತೀನಿ. ಹಿಡ್ಯಾಕ ಐದು ಬೆರಳ ಇಲ್ಲ."

ಅಂದಾನಪ್ಪ ಸ್ವಲ್ಪ ಯೋಚಿಸಿ, ಶಾಲಿನ ಕೆಳಗೇ ತನ್ನ ಕೈಯನ್ನು ಮಗುಚಿ, ಪೂರ್ತಿ ಬಿಡಿಸಿ ಇಟ್ಟನೆಂದು ಕಾಣುತ್ತದೆ. "ನನ್ನ ಕೈ ಹಿಡಿಯಪ್ಪ. ನಿನಗ ಎಷ್ಟು ಸರಿ ಅನಸ್ತೈತಿ, ಅಷ್ಟು."

ಕೆರಿಯ ಅಂದಾನಪ್ಪನ ಮುಖ ನೋಡಿದ. ಆಮೇಲೆ ಶಾಲು ಸ್ವಲ್ಪ ಬಿಗಿಯಾಯಿತು. ಅಂದಾನಪ್ಪನ ಮುಖ ನೋವಿನಿಂದ ಕಿವುಚಿಕೊಂಡಿತು, ಮತ್ತೆ ಅರಳಿತು.

"ಐದೂ ಹಿಡದಾನ್ರಿ. ಮೂರರಾಗ ಐದು ಹಿಡದಾನ. ಏನ್ ಹಿಡಿತ ಮಾರಾಯಂದು."

ಉಳಿದವರೂ ಬಂದರು. ಯಾರೂ ಗೋಡೆ ನೋಡಲಿಲ್ಲ, ಕೆರಿಯನ ಮುಖ ನೋಡಿದರು. ಕೊನೆಗೆ ಹೆಗಡೆಯವರೂ ಕೈ ತೂರಿಸಿದರು. ಹಿಂದೆ ತೆಗೆಯುವಾಗ ಅವರು, "ಈಗ ನೋಡಿದ ಹಾಗಾಯ್ತು" ಎಂದರು, ಯಾರಿಗೆಂದಿಲ್ಲದೆ. ಮರುಕ್ಷಣ ದಲಾಲಿಯ ಧ್ವನಿಯಲ್ಲಿ, ವ್ಯಾಪಾರ ಕುದುರಿದಾಗ ಕೂಗುವಂತೆ ಕೂಗಿದರು: "ತೂಕ ಮಾಡಿ."

ಮನವಿ ಬರೆದದ್ದಾಯಿತು. ಸಹಿಗೆ ಬಂದಾಗ ಎಲ್ಲರೂ ಜಟ್ಟಪ್ಪನ ಕಡೆ ನೋಡಿದರು, ಒಮ್ಮತ ಬೇಕಿತ್ತಲ್ಲ. ಅವನು ಕಾಗದ ತೆಗೆದುಕೊಂಡು ಓದಿದ. "ಸರ್ಕಾರಕ್ಕೆ ನಾ ಸಹಿ ಹಾಕೂದಿಲ್ಲ" ಎಂದ. "ಕೆರಿಯಗೆ ಹಾಕ್ತೆ" ಎಂದು ಜಟ್ಟಪ್ಪ, ಉಳಿದವರಿಂದ ಒಂದಿಷ್ಟು ದೂರ, ಕಾಗದದ ಇನ್ನೊಂದು ಮೂಲೆಯಲ್ಲಿ ತನ್ನ ಹೆಸರು ಬರೆದ. "ಅವ್ರು ಕೊಡ್ತ್ರೋ ಬಿಡ್ತ್ರೋ, ನನಗೆ ಗೊತ್ತಿಲ್ಲ. ಕೊಡದಿದ್ರೆ ನಮ್ಮದೇ ಸರ್ಕಾರ ಬಂದಾಗ ನಾವು ಕೊಡ್ವ."

"ಅಷ್ಟು ದಿನ ನಾ ಇರ್ತ್ನಾ?" ಎಂದ ಕೆರಿಯ.

"ಇರು. ನಿನ್ನ ಹಿಡಿತ ನೋಡಿದ್ರೆ ಇರ್ತೆ."

ದಾದಾಸಾಬ ತಕ್ಕಡಿಯಿಂದ ಪದಕ ತೆಗೆದು, ಸಿಕ್ಕಿಸಿಕೊಳ್ಳದೆ ಜೇಬಿಗೆ ಹಾಕಿಕೊಂಡ. ಸಿದ್ದಾಪುರಕ್ಕೆ ಹೋಗುವವರು ಹೊರಗೆ ಗೊಣಗುತ್ತಿದ್ದರು. ಅವನು ಮೋಟಾರಿನ ಮುಂದೆ ಹೋಗಿ ಹ್ಯಾಂಡಲು ತಿರುಗಿಸಿದ. ಇಂಜಿನು ಹತ್ತಿಕೊಳ್ಳಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಕೆರಿಯನನ್ನು ಕರೆಯಬೇಕೆಂದು ನಾಲಿಗೆಯ ತುದಿಯವರೆಗೆ ಬಂದದ್ದನ್ನು ಹಿಡಿದುಕೊಂಡ. ಕರೆದು ಕರೆದು ಆ ಮಾತು ಸವೆದು ಹೋಗಿತ್ತು.

ಹ್ಯಾಂಡಲಿನ ಮೇಲೆ ಅವನ ಕೈಯ ಪಕ್ಕದಲ್ಲಿ ಇನ್ನೊಂದು ಕೈ ಬಂದು ಕೂತಿತು. ಹಗಲು ಬೆಳಕಿನಲ್ಲಿ, ಪೇಟೆಯ ನಡುವೆ, ಕಂಬಳಿಯ ಹೊರಗೆ. ಇಬ್ಬರೂ ಸೇರಿ ತಿರುಗಿಸಿದರು. ಮೋಟಾರು ಕೆಮ್ಮಿ ಎದ್ದಿತು.

ಗಂಗೆ ಹಿಂದೆ ಹೆಂಗಸರ ನಡುವೆ ಜಾಗ ಮಾಡಿಕೊಂಡಳು. ಕೆರಿಯ ಸುತ್ತಿ ಬಂದು, ಮುಂದಿನ ಜಾಗದ ಧೂಳನ್ನು ಕಂಬಳಿಯ ತುದಿಯಿಂದ ಝಾಡಿಸಿ ಕೂತ. ಪೇಟೆ ದಾಟಿತು. ಮೊದಲ ಏರು ಬಂತು; ಗೇರು ಬದಲಿಸುವಾಗ ಮೋಟಾರು ಮುಗ್ಗರಿಸಿ, ಇಡೀ ಸವಾರಿ ಒಮ್ಮೆ ಕುಣಿದು ಕೂತಿತು.

"ಹೇಸರಗತ್ತೆಯೇ ಇದಕಿಂತ ಚಲೋ ಇತ್ತು" ಎಂದ ಕೆರಿಯ.

"ಅದಕ್ಕೆ ನೀನು ಬಯ್ತಿದ್ದೆ, ಅದಕ್ಕೇ ಓಡ್ತಿತ್ತು. ಇದಕ್ಕೆ ಬಯ್ಯೋರು ಯಾರಿದ್ರು ಇಷ್ಟು ವರ್ಷ?"

ಕೆರಿಯ ಮುಂದಕ್ಕೆ ಬಾಗಿ, ಬಸ್ರಾದಲ್ಲಿ ಕಲಿತ ಏಕೈಕ ಹಿಂದುಸ್ತಾನಿ ಬೈಗುಳವನ್ನು ಮೋಟಾರಿನ ಮೂತಿಗೆ ಗಟ್ಟಿಯಾಗಿ ಬೈದ. ಅದು ಏರು ಹತ್ತಿತು.