ಬ್ಯಾಟರಿ ಬೇಡವೆಂದ ಕರೆಂಟು

ನಾನು ಒಂದು ಬ್ರೇಕ್ ರೆಸಿಸ್ಟರ್. ಹೆಸರು ಕೇಳಿ ಹುಬ್ಬೇರಿಸಬೇಡಿ; ಪಿಂಗಾಣಿ ಕೊಳವೆಗೆ ಸುತ್ತಿದ ತಂತಿ, ಮೇಲೊಂದು ತಗಡಿನ ಅಂಗಿ, ಅಷ್ಟೇ. ಪೀಣ್ಯದ ಒಂದು ಶೆಡ್ಡಿನಲ್ಲಿ ಹುಟ್ಟಿ, ಎಲೆಕ್ಟ್ರಿಕ್ ಆಟೋ ಒಂದರ ಹಿಂದಿನ ಸೀಟಿನ ಕೆಳಗೆ ಸೇರಿ, ಮಲೆ ಮಹದೇಶ್ವರ ಬೆಟ್ಟಕ್ಕೆ ಬಂದೆ. ಯಜಮಾನನ ಹೆಸರು ಗುರುಮಲ್ಲ.

ಅವನ ಮನೆ ಬೆಟ್ಟದ ಮೇಲೆ. ಮನೆಯಲ್ಲೇ ಚಾರ್ಜ್ ಮಾಡಿ, ಬೆಳಿಗ್ಗೆ ತುಂಬಿದ ಬ್ಯಾಟರಿಯೊಂದಿಗೆ ಕೆಳಗಿಳಿಯುವುದು ಅವನ ರೂಢಿ. ಇಳಿಜಾರಿನಲ್ಲಿ ಮೋಟಾರೇ ಗಾಡಿಯನ್ನು ಹಿಡಿದು, ಆಗ ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ. ಆದರೆ ಹೊಟ್ಟೆ ತುಂಬಿದವನಿಗೆ ಬಡಿಸಿದರೆ ಉಣ್ಣುತ್ತಾನೆಯೇ? ಬ್ಯಾಟರಿ ಬೇಡವೆಂದದ್ದೆಲ್ಲ ನನ್ನ ಪಾಲಿಗೆ. ಅದನ್ನು ಬಿಸಿ ಮಾಡಿ ಗಾಳಿಗೆ ಬಿಡುವುದು ನನ್ನ ಕೆಲಸ. ಹೊಗಳಿಕೆ ಬ್ಯಾಟರಿಗೆ, ಉರಿ ನನಗೆ. ಆದರೂ ಆ ತಿರುವುಗಳಲ್ಲಿ ಗಾಡಿ ಅಂಕೆಯಲ್ಲಿದ್ದದ್ದು ನನ್ನಿಂದಲೇ ಎಂಬ ಹೆಮ್ಮೆಯಿತ್ತು.

ಮಗಳು ಚೆನ್ನಾಜಿಯನ್ನು ಗುರುಮಲ್ಲ ಅದೇ ಆಟೋದಲ್ಲಿ ಶಾಲೆಗೆ ಬಿಡುತ್ತಿದ್ದ. ಒಂದು ದಿನ ಅವಳ ಕಾಲು ನನಗೆ ತಾಗಿ ಬೊಬ್ಬೆ ಎದ್ದಿತು. ಮಗು ಅತ್ತದ್ದು ಕಂಡು ಅವನ ಕಣ್ಣೂ ತುಂಬಿತು. ಸಂಜೆಯೇ ಸ್ಪ್ಯಾನರ್ ಹಿಡಿದು ಕೂತ.

"ಕಂಪ್ನಿಯೋರು ಮಡಗಿರದ ಕಿತ್ತಾಕ್ತಿದ್ದಯಲ್ಲ, ಅವರ್ನ ಒಂದ್ ಮಾತು ಕೇಳಬಾರ್ದಾ?" ಎಂದಳು ಹೆಂಡತಿ ಮಾದೇವಿ.

"ಸುಮ್ಕೆ ಕಾಯ್ತದೆ ಅಷ್ಟೇಯ. ಮೊಗೀನ್ ಕಾಲ್ಗಿಂತ್ಲೂವ ಇದು ಹೆಚ್ಚಾ? ತುಳಿಯ ಬ್ರೇಕ್ ಬ್ಯಾರೆ ಅದಲ್ಲ, ಬುಡಮ್ಮಿ."

ನನ್ನನ್ನು ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟ. ಮರುದಿನ ಆಟೋ ನಾನಿಲ್ಲದೆ ಹೊರಟಿತು.

ಆಮೇಲಿನದು ಮನೆಗೆ ಬಂದವರ ಮಾತಿನಿಂದ ತಿಳಿದದ್ದು. ಹೋಗಲು ದಾರಿಯಿಲ್ಲದೆ ಕರೆಂಟು ಉಕ್ಕಿ, ಮೋಟಾರನ್ನು ಆಳುವ ಕಂಟ್ರೋಲರ್ ಅದನ್ನು ಕೈಬಿಟ್ಟಿತು. ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಸೋತಿತು. ಪ್ರಪಾತಕ್ಕೆ ಬೀಳದಿರಲೆಂದು ಗುರುಮಲ್ಲ ಗಾಡಿಯನ್ನು ಬಂಡೆಗೆ ಗುದ್ದಿಸಿದ. ಹಿಂದೆ ಕೂತಿದ್ದ ಚೆನ್ನಾಜಿ ಉಳಿದಳು. ಅವನು ಉಳಿಯಲಿಲ್ಲ.

ಕಂಪನಿಯ ಮೆಕ್ಯಾನಿಕ್ ಬಂದು ನನ್ನನ್ನು ಕೈಗೆತ್ತಿಕೊಂಡು, "ಇದನ್ನ ಯಾಕಮ್ಮ ತೆಗೆದ್ರಿ?" ಎಂದು ಕೇಳಿದ. ಬಾಗಿಲ ಹಿಂದಿನಿಂದ ಚೆನ್ನಾಜಿ ಹೇಳಿದಳು: "ನಾನು ಅಳ್ದೆ ಇದ್ದಿದ್ರ ಅಪ್ಪ ಅದ ಬಿಚ್ತಿರ್ನಿಲ್ಲ."

ನಾನೀಗಲೂ ಗೂಡಿನಲ್ಲೇ ಇದ್ದೇನೆ, ತುಕ್ಕು ಹಿಡಿದು. ತಪ್ಪು ನಿನ್ನದಲ್ಲ ಮಗು, ನಿನ್ನಪ್ಪನದೂ ಅಲ್ಲ. ಕಾಲು ತಾಗುವ ಕಡೆ ನನ್ನನ್ನು ಮರೆಯಿಲ್ಲದೆ ಕೂರಿಸಿದವರು ಮೇಲೊಂದು ಜಾಲರಿ ಹಾಕಿದ್ದರೆ ಸಾಕಿತ್ತು. ಇದನ್ನು ಹೇಳಲು ನನಗೆ ಬಾಯಿಲ್ಲ.

ಮೊನ್ನೆ ಅಂಗಳದಲ್ಲಿ ಬಿದ್ದು ಚೆನ್ನಾಜಿಯ ಮಂಡಿ ಒಡೆಯಿತು. ರಕ್ತ ಸುರಿಯುತ್ತಿತ್ತು. ಮಾದೇವಿ ಓಡಿಬಂದಳು. ಚೆನ್ನಾಜಿ ತುಟಿ ಕಚ್ಚಿಕೊಂಡು ಎದ್ದು ನಿಂತಳು. ಅಳಲಿಲ್ಲ.